ಮಸ್ಸೆಲ್ ಚಿಪ್ಪಿಗೆ ತೂತು ಕೊರೆದವರು ಯಾರು?

ಪ್ರಶ್ನೆ: ನಾವು ಕೆಲಸದ ಮೇಲೆ ಬ್ರಿಟನ್ನಿಗೆ ಬಂದು ಎರಡು ವರ್ಷವಾಯಿತು. ಈಸ್ಟರ್ ರಜೆಯಲ್ಲಿ ವೇಲ್ಸ್‌ನ ಪೆಂಬ್ರೋಕ್‌ಶೈರ್ ಕಡಲತೀರಕ್ಕೆ ಹೋಗಿದ್ದೆವು. ಎಂಟು ವರ್ಷದ ಮಗಳು ಬಂಡೆಗಳ ನಡುವೆ ಮಸ್ಸೆಲ್ ಅನ್ನುವ ಜೋಡಿಚಿಪ್ಪಿನ ಕಡಲಜೀವಿಯ ಖಾಲಿ ಚಿಪ್ಪುಗಳನ್ನು ಆರಿಸಿಕೊಂಡಳು. ಏಳೆಂಟು ಚಿಪ್ಪುಗಳಲ್ಲಿ ಯಾರೋ ಡ್ರಿಲ್ ಹಾಕಿದ ಹಾಗೆ ಪುಟ್ಟ ದುಂಡನೆಯ ತೂತಿತ್ತು. ದಾರ ಪೋಣಿಸಿ ಸರ ಮಾಡಿಕೊಂಡಿದ್ದಾಳೆ. ಈ ತೂತು ಯಾರ ಕೆಲಸ? ಅಲ್ಲೇ ಬಿಳಿ, ಕಂದು, ಪಟ್ಟೆಪಟ್ಟೆ ಬಸವನಹುಳುಗಳಿದ್ದವು. ಅಲೆ ಹೊಡೆಯುವ ಕಡೆ ಗಿಡ್ಡ, ಒಳಗಿನ ಕೊಲ್ಲಿಯಲ್ಲಿ ಉದ್ದ. ಎರಡು ಬೇರೆ ಜಾತಿಯಾ? ಬಂಡೆಯ ಬಿರುಕಿನಲ್ಲಿ ಭತ್ತದ ಕಾಳುಗಳನ್ನು ನೆಟ್ಟಗೆ ನಿಲ್ಲಿಸಿದ ಹಾಗೆ ಹಳದಿ ಕಾಳುಗಳೂ ಇದ್ದವು, ಅವೇನು? ಮಗಳು ಒಂದು ಹುಳುವನ್ನು ಮನೆಗೆ ತಂದು ಸಾಕುತ್ತೇನೆ ಅಂತ ಹಟ ಮಾಡಿದಳು. ಬೇಡ ಅಂದೆವು. ಈಗಲೂ ಮುನಿಸಿಕೊಂಡಿದ್ದಾಳೆ.

ಉತ್ತರ: ಆ ಸರದಲ್ಲಿರುವ ಒಂದೊಂದು ಚಿಪ್ಪೂ ಒಂದೊಂದು ಕೊಲೆಯ ಸಾಕ್ಷಿ. ಇದನ್ನು ಮಗಳಿಗೆ ಹೇಳುವುದೋ ಬಿಡುವುದೋ ನಿಮಗೆ ಸೇರಿದ್ದು. ನಾನು ಕಂಡ ಹಾಗೆ ಎಂಟು ವರ್ಷದವರಿಗೆ ಇಂಥ ಸುದ್ದಿ ಅಂದರೆ ಪ್ರಾಣ.

ಕೊಲೆ ಮಾಡಿದ್ದು ನೀವು ನೋಡಿದ ಅದೇ ಬಸವನಹುಳು. ಅಲ್ಲಿಯವರು ಅದಕ್ಕೆ ಡಾಗ್ ವೆಲ್ಕ್ ಅನ್ನುತ್ತಾರೆ. ವಿಜ್ಞಾನದ ಹೆಸರು ನ್ಯೂಸೆಲ್ಲಾ ಲ್ಯಾಪಿಲಸ್. ಲ್ಯಾಪಿಲಸ್ ಅಂದರೆ ಲ್ಯಾಟಿನ್ನಿನಲ್ಲಿ ಪುಟ್ಟ ಕಲ್ಲು. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಕೊಟ್ಟ ಹೆಸರಿನ ಈ ತುಂಡು ಇವತ್ತಿಗೂ ಉಳಿದುಕೊಂಡಿದೆ. ಇದ್ದಲ್ಲೇ ಕಲ್ಲಿನ ಹಾಗೆ ಕೂತಿರುವ ಪ್ರಾಣಿಗೆ ಇದಕ್ಕಿಂತ ಒಳ್ಳೆಯ ಹೆಸರು ನನಗಂತೂ ತೋಚುವುದಿಲ್ಲ. ಉತ್ತರ ಅಟ್ಲಾಂಟಿಕ್‌ನ ಎರಡೂ ದಡಗಳ ಬಂಡೆಗಳ ಮೇಲೆ ಇದು ಸಿಗುತ್ತದೆ. ಈಚೆ ಪೋರ್ಚುಗಲ್‌ನಿಂದ ನಾರ್ವೆಯವರೆಗೆ, ನಡುವೆ ಐಸ್‌ಲ್ಯಾಂಡ್, ಆಚೆ ಕೆನಡಾ ಮತ್ತು ಅಮೆರಿಕದ ಈಶಾನ್ಯ ಕರಾವಳಿ. ಸಾಮಾನ್ಯವಾಗಿ 3 ಸೆಂ.ಮೀ. ಉದ್ದ ಇರುತ್ತದೆ, ಕೆಲವು ಕಡೆ ಇನ್ನೂ ದೊಡ್ಡದು.

ಅದೇ ಬಂಡೆಯ ಮೇಲೆ ಪೆರಿವಿಂಕಲ್ ಅನ್ನುವ ಇನ್ನೊಂದು ಬಸವನಹುಳುವೂ ಇರುತ್ತದೆ. ಅದು ಪಾಪದ್ದು, ಪಾಚಿ ಕೆರೆದು ತಿಂದುಕೊಂಡಿರುತ್ತದೆ. ಎರಡನ್ನೂ ಬೇರೆ ಮಾಡುವುದು ಸುಲಭ. ಖಾಲಿ ಚಿಪ್ಪನ್ನು ಮಗುಚಿ ಬಾಯಿ ನೋಡಿ. ಪೆರಿವಿಂಕಲ್‌ನ ಬಾಯಿ ಸುತ್ತಲೂ ದುಂಡಗೆ ಮುಗಿಯುತ್ತದೆ. ಡಾಗ್ ವೆಲ್ಕ್‌ನ ಬಾಯಿಯ ಒಂದು ತುದಿಯಲ್ಲಿ ಹೂಜಿಯ ಮೂತಿಯಂಥ ಚಿಕ್ಕ ಕಾಲುವೆ ಇರುತ್ತದೆ. ಆ ಕಾಲುವೆಯಿಂದ ಹುಳು ಒಂದು ಮೆತ್ತಗಿನ ಕೊಳವೆ ಚಾಚಿ ನೀರು ಎಳೆದುಕೊಳ್ಳುತ್ತದೆ. ಆ ನೀರಿನಲ್ಲೇ ಬೇಟೆಯ ವಾಸನೆ ಸಿಗುವುದು. ಕಣ್ಣಿದ್ದರೂ ಬೆಳಕು ಕತ್ತಲೆ ತಿಳಿಯುವುದಕ್ಕಿಂತ ಜಾಸ್ತಿ ಕೆಲಸಕ್ಕೆ ಬರುವುದಿಲ್ಲ, ಮೂಗೇ ಎಲ್ಲ.

ಈಗ ತೂತಿನ ವಿಷಯ. ನೀಲಿಗಪ್ಪು ಬಣ್ಣದ ಮಸ್ಸೆಲ್ ಎರಡು ಚಿಪ್ಪುಗಳನ್ನು ಬಿಗಿಯಾಗಿ ಮುಚ್ಚಿಕೊಂಡು ಕೂತರೆ ಬಸವನಹುಳುವಿನ ಶಕ್ತಿಯಿಂದ ತೆಗೆಯಲಾಗದು. ಅದಕ್ಕೇ ಅದು ಬಾಗಿಲು ಬಿಟ್ಟು ಗೋಡೆ ಕೊರೆಯುತ್ತದೆ. ಹತ್ಯಾರು ಎರಡು. ಒಂದು ಬಾಯಲ್ಲಿರುವ ರಾಡ್ಯುಲಾ. ರಿಬ್ಬನ್ನಿನ ಮೇಲೆ ಸಾಲಾಗಿ ಹಲ್ಲು ಕೂರಿಸಿದಂಥ ಪುಟ್ಟ ತುರಿಮಣೆ ಅಂದುಕೊಳ್ಳಿ. ಇನ್ನೊಂದು ಅಂಗಾಲಿನಲ್ಲಿರುವ, ಬೇಕೆಂದಾಗ ಹೊರಗೆ ಚಾಚುವ ಒಂದು ಗ್ರಂಥಿ. ಅದು ಸುಣ್ಣವನ್ನು ಮೆತ್ತಗೆ ಮಾಡುವ ದ್ರವ ಬಿಡುತ್ತದೆ. ಚಿಪ್ಪು ಎಷ್ಟೇ ಗಟ್ಟಿಯಾಗಿದ್ದರೂ ಕೊನೆಗೆ ಸುಣ್ಣವೇ ಅಲ್ವಾ?

ಕೆಲಸ ಸರದಿಯ ಮೇಲೆ ನಡೆಯುತ್ತದೆ. ಗ್ರಂಥಿಯನ್ನು ಒಂದೇ ಜಾಗಕ್ಕೆ ಒತ್ತಿ ಹಿಡಿದು ತುಂಬಾ ಹೊತ್ತು ಸುಮ್ನೆ ಕೂರುತ್ತದೆ. ಮೇಲಿನ ಪದರ ಮೆತ್ತಗಾದ ಮೇಲೆ ಗ್ರಂಥಿ ಒಳಗೆಳೆದುಕೊಂಡು, ಅದೇ ಜಾಗದಲ್ಲಿ ತುರಿಮಣೆಯಿಂದ ಸ್ವಲ್ಪ ಹೊತ್ತು ಕೆರೆಯುತ್ತದೆ. ಮತ್ತೆ ಗ್ರಂಥಿ, ಮತ್ತೆ ಕೆರೆತ. ನೆನೆಹಾಕುವುದು ಜಾಸ್ತಿ, ಉಜ್ಜುವುದು ಕಮ್ಮಿ. ಹಟ ಹಿಡಿದ ಪಾತ್ರೆ ತೊಳೆಯುವವರಿಗೆ ಈ ಲೆಕ್ಕಾಚಾರ ಚೆನ್ನಾಗಿ ಗೊತ್ತು. ಒಂದು ತೂತು ಆಚೆಯಿಂದ ಈಚೆಗೆ ಆಗಲು ಎರಡು ಮೂರು ದಿನ ಹಿಡಿಯಬಹುದು. ಆಮೇಲೆ ತೂತಿನೊಳಗೆ ಸೊಂಡಿಲು ಇಳಿಸಿ, ಮಾಂಸವನ್ನು ಅಲ್ಲೇ ಕರಗಿಸುವ ರಸ ಬಿಟ್ಟು, ಸೂಪ್ ಕುಡಿದ ಹಾಗೆ ಹೀರುತ್ತದೆ. ದೊಡ್ಡ ಮಸ್ಸೆಲ್ ಒಂದನ್ನು ಮುಗಿಸಲು ಒಟ್ಟು ಒಂದು ವಾರವೇ ಹಿಡಿದರೂ ಆಶ್ಚರ್ಯವಿಲ್ಲ.

ಸರವನ್ನು ಬೆಳಕಿಗೆ ಹಿಡಿದು ನೋಡಿ. ತೂತು ಸುಮಾರು ಒಂದು ಮಿಲಿಮೀಟರ್ ಅಗಲ, ಗೋಡೆ ಹೆಚ್ಚುಕಮ್ಮಿ ನೇರ. ಮರಳು ದಂಡೆಯಲ್ಲಿ ಸಿಗುವ ಚಿಪ್ಪುಗಳಲ್ಲೂ ತೂತಿರುತ್ತದೆ. ಆದರೆ ಅಲ್ಲಿ ಮೇಲೆ ಅಗಲ, ಕೆಳಗೆ ಕಿರಿದು, ಸ್ಕ್ರೂ ತಲೆ ಕೂರಲು ಬಡಗಿ ಇಳಿಜಾರು ಕೊರೆದ ಹಾಗೆ. ಅದು ಮರಳಿನೊಳಗಿರುವ ನೆಕ್ಲೆಸ್ ಶೆಲ್ ಅನ್ನುವ ಬೇರೆ ಬಸವನಹುಳುವಿನ ಕೈಚಳಕ. ತೂತು ನೋಡಿಯೇ ಕೊರೆದವರು ಯಾರು ಅಂತ ಹೇಳಬಹುದು. ಇನ್ನೊಂದು: ನಿಮ್ಮ ಚಿಪ್ಪುಗಳಲ್ಲಿ ಎಲ್ಲಾದರೂ ಅರ್ಧಕ್ಕೇ ನಿಂತ ಗುಳಿ ಇದೆಯಾ ಹುಡುಕಿ. ಅಲೆ ಎತ್ತಿ ಹಾಕಿದ್ದರಿಂದಲೋ ಏಡಿ ಬಂದದ್ದರಿಂದಲೋ ಕೆಲಸ ಅರ್ಧಕ್ಕೆ ನಿಂತಿರುತ್ತದೆ. ಪೂರಾ ತೂತಿಗಿಂತ ಅಂಥದ್ದು ಸಿಕ್ಕಿದರೆ ನನಗೆ ಜಾಸ್ತಿ ಖುಷಿ.

ಮಸ್ಸೆಲ್‌ಗಳು ಸುಮ್ನೆ ಸಾಯುವುದಿಲ್ಲ. ಬಂಡೆಗೆ ಅಂಟಿಕೊಳ್ಳಲು ಅವು ನೂಲಿನಂಥ ಗಟ್ಟಿ ಎಳೆಗಳನ್ನು ಬಿಡುತ್ತವೆ. ಮಸ್ಸೆಲ್‌ಗಳ ಗುಂಪಿನೊಳಗೆ ಡಾಗ್ ವೆಲ್ಕ್ ನುಗ್ಗಿದರೆ ಅಕ್ಕಪಕ್ಕದವು ಅದೇ ಎಳೆಗಳನ್ನು ಅದರ ಚಿಪ್ಪಿಗೆ ಅಂಟಿಸುತ್ತವೆ. ಒಂದು, ಎರಡು, ಹತ್ತು. ಕೊನೆಗೆ ಹುಳು ಅಂಗಾತ ಬಿದ್ದು, ಕಾಲು ಮೇಲಾಗಿ, ಕಟ್ಟು ಬಿಡಿಸಿಕೊಳ್ಳಲಾಗದೆ ಹಸಿವಿನಿಂದಲೇ ಸಾಯುವುದೂ ಉಂಟು. ಮುಂದಿನ ಸಲ ಮಸ್ಸೆಲ್ ರಾಶಿಯ ಅಂಚಿನಲ್ಲಿ ಹುಡುಕಿ. ಕಂದು ದಾರದಲ್ಲಿ ಸುತ್ತಿಟ್ಟ ಖಾಲಿ ಡಾಗ್ ವೆಲ್ಕ್ ಚಿಪ್ಪು ಸಿಕ್ಕರೆ ಏನಾಗಿತ್ತು ಅಂತ ನಿಮಗೆ ಗೊತ್ತಾಗುತ್ತದೆ.

ಅಂದ ಹಾಗೆ, ದಿನನಿತ್ಯದ ಊಟ ಮಸ್ಸೆಲ್ ಅಲ್ಲ, ಬಾರ್ನಕಲ್. ಬಂಡೆ ತುಂಬ ಸುಣ್ಣದ ಮೊಡವೆಗಳ ಹಾಗೆ ಅಂಟಿಕೊಂಡಿರುತ್ತವಲ್ಲ, ಬರಿಗಾಲಿನಲ್ಲಿ ನಡೆದರೆ ಕೀಸುತ್ತವಲ್ಲ, ಅವು. ಬಾರ್ನಕಲ್‌ಗೆ ಮೇಲೆ ಮುಚ್ಚಳ ಇರುವುದರಿಂದ ಬಹಳ ಸಲ ಕೊರೆಯುವ ಗೋಜೇ ಇಲ್ಲ. ಮುಚ್ಚಳದ ಸಂದಿಯಲ್ಲಿ ಸೊಂಡಿಲು ತೂರಿಸಿದರೆ ಮುಗಿಯಿತು. ಹಾಗಾಗಿ ಖಾಲಿ ಬಾರ್ನಕಲ್‌ನಲ್ಲಿ ತೂತು ಹುಡುಕಬೇಡಿ.

ಗಿಡ್ಡ ಮತ್ತು ಉದ್ದದ ಪ್ರಶ್ನೆ ನೀವು ಕೇಳಿದ್ದರಲ್ಲೇ ಚೆನ್ನಾದದ್ದು. ಎರಡೂ ಒಂದೇ ಜಾತಿ. ಆದರೆ ನೀವು ನೋಡಿದ ವ್ಯತ್ಯಾಸ ಕಣ್ಣಿನ ಭ್ರಮೆ ಅಲ್ಲ.

ಅಲೆ ಬಂದು ಅಪ್ಪಳಿಸುವ ಬಂಡೆಯಲ್ಲಿ ಬದುಕಬೇಕಾದರೆ ಬಿಗಿಯಾಗಿ ಕಚ್ಚಿಕೊಳ್ಳಬೇಕು. ಅದಕ್ಕೆ ಅಗಲ ಪಾದ ಬೇಕು, ಅಗಲ ಪಾದಕ್ಕೆ ಅಗಲ ಬಾಯಿ ಬೇಕು. ಹಾಗಾಗಿ ಅಲ್ಲಿಯ ಚಿಪ್ಪು ಗಿಡ್ಡ, ಬಾಯಿ ದೊಡ್ಡದು. ಕೊಲ್ಲಿಯ ಒಳಗೆ ಅಲೆಯ ಕಾಟ ಇಲ್ಲ, ಆದರೆ ಏಡಿಗಳ ಕಾಟ ಇದೆ. ಏಡಿ ಚಿಮಟ ತೂರಿಸದಂತೆ ಬಾಯಿ ಕಿರಿದಾಗಿರಬೇಕು, ಒಡೆಯದಂತೆ ಚಿಪ್ಪು ದಪ್ಪಗಿರಬೇಕು, ಒಳಗೆ ಆಳಕ್ಕೆ ಸರಿದು ಕೂರಲು ಉದ್ದ ಬೇಕು. ಐರ್ಲೆಂಡಿನ ಲಾಕ್ ಹೈನ್ ಅನ್ನುವ ಉಪ್ಪುನೀರಿನ ಸರೋವರದ ಹತ್ತಿರ 1960ರ ದಶಕದಲ್ಲಿ ವಿಜ್ಞಾನಿಗಳು ಇದನ್ನು ಅದಲುಬದಲು ಮಾಡಿಯೇ ನೋಡಿದರು. ಅಲೆಯ ಕಡೆಯ ಗಿಡ್ಡ ಹುಳುಗಳು ಒಳಗೆ ಬಂದು ಏಡಿಗಳಿಗೆ ಊಟವಾದವು. ಒಳಗಿನ ಉದ್ದದವು ಹೊರಗಿನ ಅಲೆಗೆ ನಿಲ್ಲಲಾರದೆ ಹೋದವು.

ಇದರಲ್ಲಿ ಸ್ವಲ್ಪ ಹುಟ್ಟಿನಿಂದ ಬಂದದ್ದು, ಸ್ವಲ್ಪ ಬದುಕುತ್ತಾ ಕಲಿತದ್ದು. ಏಡಿ ಇದ್ದ ನೀರನ್ನು ಡಾಗ್ ವೆಲ್ಕ್‌ಗಳ ತೊಟ್ಟಿಗೆ ಹಾಯಿಸಿದರೆ, ಏಡಿಯನ್ನು ಕಣ್ಣಿಂದ ನೋಡದೆಯೂ, ಬರೀ ವಾಸನೆಗೇ ಅವು ಚಿಪ್ಪನ್ನು ದಪ್ಪ ಮಾಡಿಕೊಳ್ಳುತ್ತವೆ. ಜೊತೆಗೆ ಊಟವನ್ನೂ ಕಮ್ಮಿ ಮಾಡುತ್ತವೆ. ಹೆದರಿದವರಿಗೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ ಅನ್ನುತ್ತೇವಲ್ಲ, ಹಾಗೆ. ಅಮೆರಿಕದ ಈಶಾನ್ಯ ಕರಾವಳಿಗೆ ಯುರೋಪಿನ ಹಸಿರು ಏಡಿ ಹಡಗುಗಳ ಜೊತೆ ಬಂದು ನೆಲೆಸಿದ ಮೇಲೆ ಅಲ್ಲಿಯ ಡಾಗ್ ವೆಲ್ಕ್ ಚಿಪ್ಪುಗಳು ಹಿಂದಿಗಿಂತ ದಪ್ಪವಾಗಿವೆ. ಗೀರಟ್ ವರ್ಮೇ ಅನ್ನುವ ವಿಜ್ಞಾನಿ ಹಳೆಯ ಸಂಗ್ರಹಗಳ ಚಿಪ್ಪುಗಳನ್ನೂ ಹೊಸವನ್ನೂ ಹೋಲಿಸಿ 1982ರಲ್ಲಿ ಇದನ್ನು ತೋರಿಸಿಕೊಟ್ಟರು. ಅವರಿಗೆ ಚಿಕ್ಕಂದಿನಿಂದಲೇ ಕಣ್ಣು ಕಾಣುವುದಿಲ್ಲ. ಚಿಪ್ಪುಗಳನ್ನು ಬೆರಳಿನಿಂದಲೇ ಓದುತ್ತಾರೆ. ಈ ಮಾತು ನಿಮ್ಮ ಮಗಳಿಗೆ ಖಂಡಿತ ಹೇಳಿ. ಕಣ್ಣು ಮುಚ್ಚಿ ಅವಳ ಸರದ ಚಿಪ್ಪುಗಳಲ್ಲಿ ತೂತು ಎಲ್ಲಿದೆ ಅಂತ ಬೆರಳಲ್ಲೇ ಹುಡುಕಲಿ.

ಜಾತಿ ಒಂದೇ ಅಂದೆನಲ್ಲ, ಅಲ್ಲೂ ಒಂದು ತಮಾಷೆ ಇದೆ. ಒಂದು ಜಾತಿಗೆ ಕ್ರೋಮೊಸೋಮುಗಳ ಲೆಕ್ಕ ಒಂದೇ ಅಂತ ಶಾಲೆಯಲ್ಲಿ ಓದಿರುತ್ತೇವೆ. ಡಾಗ್ ವೆಲ್ಕ್‌ನಲ್ಲಿ ಕೆಲವು ಕಡೆ 26, ಕೆಲವು ಕಡೆ 36, ನಡುವಿನ ಸಂಖ್ಯೆಯವೂ ಇವೆ. ಆದರೂ ಒಂದಕ್ಕೊಂದು ಕೂಡಿ ಮರಿ ಹಾಕುತ್ತವೆ.

ಒಂದೇ ಕೂಗಳತೆಯಲ್ಲಿ ಇಷ್ಟೊಂದು ಬೇರೆಬೇರೆ ಆಗಿ ಉಳಿಯುವುದು ಹೇಗೆ? ಇಲ್ಲಿಗೆ ನಿಮ್ಮ ಹಳದಿ ಕಾಳುಗಳು ಬರುತ್ತವೆ.

ಅವು ಮೊಟ್ಟೆಯ ಚೀಲಗಳು. ಎತ್ತರ ಸುಮಾರು 8 ಮಿ.ಮೀ., ಬಣ್ಣ ಒಣಹುಲ್ಲಿನದು. ಚಳಿಗಾಲ ಕಳೆದು ವಸಂತ ಬರುವ ಹೊತ್ತಿಗೆ ಹುಳುಗಳು ಬಿರುಕುಗಳಲ್ಲಿ ಗುಂಪು ಸೇರಿ ಇವನ್ನು ಒಂದರ ಪಕ್ಕ ಒಂದು ನಿಲ್ಲಿಸುತ್ತವೆ, ಹಾಗಾಗಿ ಈಸ್ಟರ್ ಹೊತ್ತಿಗೆ ನಿಮಗೆ ಕಂಡಿದೆ. ಒಂದು ಚೀಲದೊಳಗೆ ನೂರಾರು ಮೊಟ್ಟೆ. ಆದರೆ ಹೊರಬರುವ ಮರಿಗಳು ಇಪ್ಪತ್ತೈದು ಮೂವತ್ತರ ಸುಮಾರು. ಉಳಿದ ಮೊಟ್ಟೆಗಳು ಬುತ್ತಿ. ಅವು ಮರಿಯಾಗುವುದೇ ಇಲ್ಲ, ಮರಿಯಾಗುವವು ಅವನ್ನು ತಿಂದು ಬೆಳೆಯುತ್ತವೆ. ಸುಮಾರು ನಾಲ್ಕು ತಿಂಗಳಾದ ಮೇಲೆ ಚೀಲದ ತುದಿಯ ಬಿರಡೆ ಕಳಚಿ, ಸಾಸಿವೆಗಿಂತ ಚಿಕ್ಕ, ಆದರೆ ಚಿಪ್ಪು ಗಿಪ್ಪು ಎಲ್ಲಾ ಇರುವ ಪೂರ್ತಿ ಡಾಗ್ ವೆಲ್ಕ್‌ಗಳು ನಡೆದುಕೊಂಡು ಹೊರಬರುತ್ತವೆ.

ನಡೆದುಕೊಂಡು ಅನ್ನುವುದೇ ಮುಖ್ಯ. ಸಾಮಾನ್ಯ ಪೆರಿವಿಂಕಲ್, ಮಸ್ಸೆಲ್, ಬಾರ್ನಕಲ್ ಎಲ್ಲದರ ಮರಿಗಳೂ ಮೊದಲು ನೀರಿನಲ್ಲಿ ತೇಲಿ ಊರೂರು ಸುತ್ತಿ, ಎಲ್ಲೋ ಹುಟ್ಟಿ ಎಲ್ಲೋ ನೆಲೆಸುತ್ತವೆ. ಡಾಗ್ ವೆಲ್ಕ್‌ಗೆ ಆ ತೇಲುವ ಬಾಲ್ಯವೇ ಇಲ್ಲ. ಹುಟ್ಟಿದ ಬಿರುಕಿನಿಂದ ಕೆಲವು ಹತ್ತು ಮೀಟರ್ ಒಳಗೇ ಅದರ ಬದುಕು ಮುಗಿಯುತ್ತದೆ. ಐದಾರು ವರ್ಷ ಬದುಕುತ್ತದೆ, ಕೆಲವು ಇನ್ನೂ ಜಾಸ್ತಿ. ಅಷ್ಟೂ ವರ್ಷ ಅದೇ ಬಂಡೆ, ಅದೇ ಅಲೆ, ಅದೇ ಏಡಿ. ಅದಕ್ಕೇ ಒಂದೊಂದು ಬಂಡೆಯ ಹುಳುವೂ ಆ ಬಂಡೆಯ ಅಚ್ಚಿನಲ್ಲಿ ಒತ್ತಿದ ಹಾಗೆ ಇರುತ್ತದೆ.

ಈ ಗುಣ ಒಮ್ಮೆ ಅದರ ಕುತ್ತಿಗೆಗೇ ಬಂತು. 1960ರ ದಶಕದಿಂದ ದೋಣಿ, ಹಡಗುಗಳ ತಳಕ್ಕೆ ಟ್ರೈಬ್ಯೂಟೈಲ್ ಟಿನ್, ಚಿಕ್ಕದಾಗಿ ಟಿಬಿಟಿ, ಸೇರಿಸಿದ ಪೇಂಟ್ ಬಳಿಯಲು ಶುರುಮಾಡಿದರು. ಬಾರ್ನಕಲ್, ಪಾಚಿ ಅಂಟದಿರಲಿ ಅಂತ. ಪೇಂಟ್ ಬಹಳ ಚೆನ್ನಾಗಿಯೇ ಕೆಲಸ ಮಾಡಿತು. ಆದರೆ 1970ರ ಹೊತ್ತಿಗೆ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಹೆಣ್ಣು ಡಾಗ್ ವೆಲ್ಕ್‌ಗಳಿಗೆ ಗಂಡಿನ ಅಂಗ ಬೆಳೆದಿರುವುದು ಕಂಡುಬಂತು. ಕಾರಣ ಈ ಟಿಬಿಟಿ ಅಂತ ಪಕ್ಕಾ ಆಗಲು 1980ರ ದಶಕ ಬೇಕಾಯಿತು. ಆ ಅಂಗದ ಜೊತೆಗೇ ಬೆಳೆದ ವೀರ್ಯನಾಳ ಮೊಟ್ಟೆ ಹೊರಬರುವ ದಾರಿಯನ್ನೇ ಮುಚ್ಚಿಬಿಡುತ್ತದೆ. ಹೆಣ್ಣು ಬಂಜೆಯಾಗುತ್ತದೆ, ಒಳಗೇ ಉಳಿದ ಮೊಟ್ಟೆ ಚೀಲಗಳಿಂದ ಸಾಯುತ್ತದೆ. ಇದು ಶುರುವಾಗಲು ಲೀಟರ್ ನೀರಿಗೆ ಒಂದು ನ್ಯಾನೋಗ್ರಾಂ ಟಿಬಿಟಿ ಸಾಕು. ಲೆಕ್ಕ ಹಾಕಿದರೆ, 400 ಒಲಿಂಪಿಕ್ ಈಜುಕೊಳಗಳ ನೀರಿಗೆ ಒಂದೇ ಒಂದು ಗ್ರಾಂ.

ಬಂದರುಗಳ ಆಸುಪಾಸಿನ ಬಂಡೆಗಳಿಂದ ಡಾಗ್ ವೆಲ್ಕ್ ಪೂರ್ತಿ ಮಾಯವಾಯಿತು. ಫ್ರಾನ್ಸ್ 1982ರಲ್ಲಿ, ಬ್ರಿಟನ್ 1987ರಲ್ಲಿ ಚಿಕ್ಕ ದೋಣಿಗಳಿಗೆ ಈ ಪೇಂಟ್ ನಿಷೇಧಿಸಿದವು. ಫ್ರಾನ್ಸ್ ಮೊದಲು ಎಚ್ಚೆತ್ತದ್ದು ಬಸವನಹುಳುವಿನ ಮೇಲಿನ ಕನಿಕರದಿಂದಲ್ಲ, ಸಿಂಪಿ ಸಾಕಣೆಯವರ ಕಸುಬು ಮುಳುಗುತ್ತಿತ್ತು. ದೊಡ್ಡ ಹಡಗುಗಳನ್ನೂ ಸೇರಿಸಿದ ಅಂತರರಾಷ್ಟ್ರೀಯ ಒಪ್ಪಂದ 2001ರಲ್ಲಿ ಆಯಿತು, ಜಾರಿಗೆ ಬಂದದ್ದು 2008ರಲ್ಲಿ. ಆಮೇಲೆ ಹುಳುಗಳು ವಾಪಸ್ ಬಂದಿವೆ, ಆದರೆ ನಿಧಾನ. ತೇಲಿ ಬರುವ ಮರಿ ಇಲ್ಲವಲ್ಲ. ಪಕ್ಕದ ಬಂಡೆಯಿಂದ ನಡೆದು ಬರಬೇಕು, ಇಲ್ಲಾ ಕಡಲಪಾಚಿಯ ಜೊತೆ ಅಕಸ್ಮಾತ್ತಾಗಿ ಕೊಚ್ಚಿಕೊಂಡು ಬರಬೇಕು.

ಈ ಕಥೆಯಲ್ಲಿ ನನಗೆ ಇಷ್ಟವಾದ ಜಾಗ ಕೆಂಟ್ ಕೌಂಟಿಯ ಡಂಪ್ಟನ್. ಸುತ್ತಮುತ್ತ ಎಲ್ಲಾ ಹುಳುಗಳು ಹೋದರೂ ಅಲ್ಲಿ ಉಳಿದವು. ಆ ಊರಿನ ಹುಳುಗಳಲ್ಲಿ ಒಂದು ಹುಟ್ಟುದೋಷ ಇತ್ತು. ಗಂಡುಗಳಲ್ಲೇ ಕೆಲವಕ್ಕೆ ಗಂಡಿನ ಅಂಗ ಸರಿಯಾಗಿ ಬೆಳೆಯುತ್ತಿರಲಿಲ್ಲ. ಬೇರೆ ಕಾಲದಲ್ಲಿ ಅದು ನಷ್ಟದ ಬಾಬತ್ತೇ. ಆದರೆ ಅದೇ ದೋಷ ಇದ್ದ ಹೆಣ್ಣುಗಳಿಗೆ ಟಿಬಿಟಿ ತಗುಲಿದರೂ ದಾರಿ ಮುಚ್ಚಲಿಲ್ಲ, ಮೊಟ್ಟೆ ಇಡುವುದು ನಿಲ್ಲಲಿಲ್ಲ.

ಬಣ್ಣದ ಮಾತು ನೀವು ಕೇಳಿಲ್ಲ, ಆದರೂ ಹೇಳದೆ ಬಿಡಲು ಮನಸ್ಸಿಲ್ಲ. ರೋಮನ್ನರು ರಾಜರ ಬಟ್ಟೆಗೆ ಮ್ಯೂರೆಕ್ಸ್ ಅನ್ನುವ ಕಡಲ ಬಸವನಹುಳುಗಳಿಂದ ನೇರಳೆ ಬಣ್ಣ ತೆಗೆಯುತ್ತಿದ್ದರಲ್ಲ, ಡಾಗ್ ವೆಲ್ಕ್ ಅದೇ ಕುಟುಂಬದ್ದು. ಇದರ ಮೈಯಲ್ಲೂ ಹಾಲಿನ ಬಣ್ಣದ ಒಂದು ಗೆರೆಯಂಥ ಗ್ರಂಥಿ ಇದೆ. ಅದರ ರಸವನ್ನು ಬಟ್ಟೆಗೆ ಹಚ್ಚಿ ಬಿಸಿಲಿಗೆ ಹಿಡಿದರೆ ಮೊದಲು ಹಸಿರು, ಆಮೇಲೆ ನೀಲಿ, ಕೊನೆಗೆ ಕೆನ್ನೇರಳೆ. ಬಣ್ಣ ತಿರುಗುವಾಗ ಬೆಳ್ಳುಳ್ಳಿ ಘಾಟು. ಬ್ರಿಸ್ಟಲ್‌ನ ವಿಲಿಯಂ ಕೋಲ್ ಇದನ್ನೆಲ್ಲ ನೋಡಿ ಬರೆದದ್ದು 1685ರಲ್ಲಿ ಅಚ್ಚಾಯಿತು. ಅದಕ್ಕೂ ಬಹಳ ಹಿಂದೆ, ಸುಮಾರು 731ರಲ್ಲಿ, ಬೀಡ್ ಅನ್ನುವ ಸಂನ್ಯಾಸಿ ಬ್ರಿಟನ್ನಿನ ಚಿಪ್ಪುಹುಳುಗಳ ಬಣ್ಣ ಬಿಸಿಲಿಗೂ ಮಳೆಗೂ ಮಾಸುವುದಿಲ್ಲ ಅಂತ ಹೊಗಳಿದ್ದ. ಐರ್ಲೆಂಡಿನ ಇನಿಶ್ಕೀ ದ್ವೀಪದಲ್ಲಿ ಬಣ್ಣಕ್ಕಾಗಿ ಒಡೆದ ಡಾಗ್ ವೆಲ್ಕ್ ಚಿಪ್ಪುಗಳ ರಾಶಿಯೇ ಸಿಕ್ಕಿದೆ. ಇದನ್ನು ಓದಿ ಯಾರೂ ಪ್ರಯೋಗಕ್ಕೆ ಹೊರಡಬೇಡಿ. ಒಂದು ಕರವಸ್ತ್ರಕ್ಕೂ ಎಷ್ಟೋ ಹುಳುಗಳ ಪ್ರಾಣ ಹೋಗುತ್ತದೆ. ಕೆಲವು ಸಲ ಬಿರುಕಿನಲ್ಲಿರುವ ಮೊಟ್ಟೆ ಚೀಲಗಳೇ ನೇರಳೆಗೆ ತಿರುಗಿರುತ್ತವೆ. ಅದು ಒಳಗಿನವು ಸತ್ತಿರುವ ಗುರುತು.

ಇನ್ನು ಸಾಕುವ ವಿಷಯ. ನೀವು ಬೇಡ ಅಂದದ್ದು ಸರಿ. ತಣ್ಣಗಿನ ಸಮುದ್ರದ ನೀರು ಬೇಕು, ಅದು ಗಳಿಗೆಗಳಿಗೆಗೆ ಆಡುತ್ತಿರಬೇಕು, ಜೊತೆಗೆ ತಿನ್ನಲು ಜೀವಂತ ಬಾರ್ನಕಲ್ ಬೇಕು. ಮನೆಯ ಬಾಟಲಿಯಲ್ಲಿ ಇದಾಗುವ ಮಾತಲ್ಲ. ವಾಪಸ್ ಬಿಡುವಾಗಲೂ ಎಲ್ಲಾದರೂ ಬಿಟ್ಟರೆ ನಡೆಯುವುದಿಲ್ಲ. ಗಿಡ್ಡದ್ದನ್ನು ಕೊಲ್ಲಿಯಲ್ಲಿ ಬಿಟ್ಟರೆ ಏನಾಗುತ್ತದೆ ಅಂತ ಈಗ ಗೊತ್ತಾಯಿತಲ್ಲ. ಖಾಲಿ ಚಿಪ್ಪು ತರುವಾಗ ಒಳಗೊಮ್ಮೆ ಇಣುಕಿ ನೋಡಿ. ಎಷ್ಟೋ ಸಲ ಸನ್ಯಾಸಿ ಏಡಿ ಮನೆ ಮಾಡಿಕೊಂಡಿರುತ್ತದೆ.

ಮುನಿಸು ಹೋಗಲು ಬೇರೆ ಉಪಾಯ ಇದೆ. ಮುಂದಿನ ಸಲ ನೀರು ಇಳಿದಾಗ ಅವಳಿಗೆ ಇಷ್ಟವಾದ ಒಂದು ಹುಳುವನ್ನು ಆರಿಸಿಕೊಳ್ಳಲಿ. ಬಂಡೆಯಿಂದ ಕೀಳಬೇಡಿ. ಚಿಪ್ಪಿನ ಬೆನ್ನನ್ನು ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ನೇಲ್ ಪಾಲಿಶ್‌ನ ಒಂದು ಸಣ್ಣ ಚುಕ್ಕೆ ಇಡಿ. ಸಂಶೋಧಕರೂ ಹೆಚ್ಚುಕಮ್ಮಿ ಹೀಗೇ ಗುರುತು ಮಾಡುತ್ತಾರೆ. ಮಾರನೇ ದಿನದ ಇಳಿತಕ್ಕೆ ಹೋಗಿ ಎಷ್ಟು ದೂರ ಹೋಗಿದೆ ಅಂತ ಸ್ಕೇಲ್ ಹಿಡಿದು ಅಳೆಯಲಿ. ಬೇಸಿಗೆ ರಜೆಯಲ್ಲಿ ಮತ್ತೆ ಹೋಗಿ ಹುಡುಕಲಿ. ಹೊರಡುವ ಮುಂಚೆ ಬಂಡೆಯ ಫೋಟೋ ಮಾತ್ರ ಸುತ್ತಲಿನ ಗುರುತುಗಳ ಸಮೇತ ತೆಗೆದಿಟ್ಟುಕೊಳ್ಳಿ. ಹುಳು ಅಲ್ಲೇ ಎಲ್ಲೋ ಇರುತ್ತದೆ, ಬಂಡೆ ಯಾವುದು ಅಂತ ಮರೆಯುವವರು ನಾವೇ.